ಕನ್ನಡ ಪದಶೋಧನೆಯಲ್ಲಿ ಹ್ಯಾಷ್ ವಿಧಾನದ ಆಯ್ಕೆ: ಒಂದು ವಿಮರ್ಶೆ

ಮೂಡಿಗೆರೆ ತಾಲ್ಲೂಕಿನ ಶಾಸನಗಳಲ್ಲಿ ಇಂಥದೊಂದು ಪದವು ಎಲ್ಲಿಯೂ ಪ್ರಯೋಗವಾಗಿಲ್ಲವೆಂದು ಸಂಶೋಧಕನೊಬ್ಬನು ಬರೆದನೆನ್ನೋಣ. ಹಿಂದಿನ ತಲೆಮಾರಿನವರಾಗಿದ್ದರೆ ಈ ಮಾತಿನ ಬೆನ್ನಿಗೆ ಒಂದು ಶ್ರಮವಿರುತ್ತಿತ್ತು: ಬಿ. ಎಲ್. ರೈಸ್ ಅವರು 1901ರಲ್ಲಿ ಪ್ರಕಟಿಸಿದ ‘ಎಪಿಗ್ರಾಫಿಯ ಕರ್ನಾಟಿಕ’ದ ಆರನೆಯ ಸಂಪುಟವನ್ನು, ಅಂದರೆ ಆಗ ಕಡೂರು ಜಿಲ್ಲೆಯೆಂದು ಹೆಸರಾಗಿದ್ದ ಇಂದಿನ ಚಿಕ್ಕಮಗಳೂರು ಜಿಲ್ಲೆಯ ಶಾಸನಗಳನ್ನು, ಪುಟಪುಟವಾಗಿ ತಿರುವಿ ನೋಡಿದ ಶ್ರಮ. ಇಂದಿನ ವಿದ್ಯಾರ್ಥಿಯು ಅಷ್ಟು ಕಷ್ಟಪಡಬೇಕಾಗಿಲ್ಲ. ಪಾಠವನ್ನೆಲ್ಲ ದತ್ತಸಂಚಯದಲ್ಲಿ ತುಂಬಿಟ್ಟರೆ ಪದವನ್ನು ಟೈಪು ಮಾಡಿದ ಕ್ಷಣದಲ್ಲಿಯೇ ಯಂತ್ರವು ‘ಉಂಟು’ ಎಂದೋ ‘ಇಲ್ಲ’ ಎಂದೋ ಹೇಳಿಬಿಡುತ್ತದೆ. ‘ಉಂಟು’ ಎಂದರೆ ಚಿಂತೆಯಿಲ್ಲ. ಶಾಸನವನ್ನು ತೆಗೆದು ನೋಡಿ ನಿಜವೋ ಸುಳ್ಳೋ ಎಂದು ತಿಳಿಯಬಹುದು. ‘ಇಲ್ಲ’ ಎಂಬ ಉತ್ತರವನ್ನು ತೆಗೆದು ನೋಡಲು ಸ್ಥಳವೇ ಇಲ್ಲ. ಅದನ್ನು ನಂಬಬೇಕು, ಇಲ್ಲವೆ ಸಂಪುಟವನ್ನು ಮೊದಲಿನಿಂದ ಓದಬೇಕು. ಯಂತ್ರದ ಈ ‘ಇಲ್ಲ’ ಎಂಬ ಮಾತಿಗೆ ಪ್ರಾಮಾಣ್ಯವೆಷ್ಟೆಂಬುದು ಆ ದತ್ತಸಂಚಯದ ತಂತ್ರಾಂಶವನ್ನು ರಚಿಸಿದವರು ಪದವನ್ನು ಹುಡುಕಲು ಯಾವ ವಿಧಾನವನ್ನು ಆರಿಸಿಕೊಂಡರೆಂಬುದನ್ನು ಬಹುಮಟ್ಟಿಗೆ ಅವಲಂಬಿಸಿದೆ. ಆ ಆಯ್ಕೆಯನ್ನು ಗಣಕಶಾಸ್ತ್ರದವರು ಕೇವಲ ವೇಗದ ಪ್ರಶ್ನೆಯೆಂದೂ, ಭಾಷಾಶಾಸ್ತ್ರದವರು ತಮಗೆ ಸಂಬಂಧಿಸದ ವಿಷಯವೆಂದೂ ಭಾವಿಸುತ್ತ ಬಂದಿದ್ದಾರೆ. ಇವೆರಡು ಭಾವನೆಗಳೂ ಸರಿಯಲ್ಲವೆಂಬುದು ನನ್ನ ಅಭಿಪ್ರಾಯ.

ಮೊದಲು ವಿಧಾನದ ಸ್ವರೂಪವನ್ನು ಸಂಕ್ಷೇಪವಾಗಿ ತಿಳಿಯೋಣ. ಅಕಾರಾದಿಯಾಗಿ ಜೋಡಿಸಿದ ನಿಘಂಟಿನಲ್ಲಿ ಪದವನ್ನು ಹುಡುಕುವಾಗ ನಾವು ನಡುವಿನ ಪುಟವನ್ನು ತೆರೆದು, ಹಿಂದಕ್ಕೋ ಮುಂದಕ್ಕೋ ಸರಿದು, ಕ್ರಮೇಣ ಪದದ ಬಳಿಗೆ ಬರುತ್ತೇವೆ. ಹ್ಯಾಷ್ ವಿಧಾನದಲ್ಲಿ ಈ ಅಲೆದಾಟವಿಲ್ಲ. ಪದದ ಅಕ್ಷರಗಳ ಮೇಲೆ ಒಂದು ಲೆಕ್ಕಾಚಾರವನ್ನು ನಡೆಸಿ, ಬಂದ ಸಂಖ್ಯೆಯನ್ನೇ ಆ ಪದವಿರಬೇಕಾದ ಖಾನೆಯ ಸಂಖ್ಯೆಯೆಂದು ಹಿಡಿಯುತ್ತಾರೆ. ಅಂಚೆಯ ಪಿನ್ ಸಂಖ್ಯೆಗಳಿಂದ ಇದನ್ನು ವಿಶದಪಡಿಸಬಹುದು. ಚಿಕ್ಕಮಗಳೂರಿಗೆ 577101, ಮೂಡಿಗೆರೆಗೆ 577132, ಕಳಸಕ್ಕೆ 577124, ಕೊಪ್ಪಕ್ಕೆ 577126, ಶೃಂಗೇರಿಗೆ 577139. ಹತ್ತು ಖಾನೆಗಳ ಒಂದು ಪೆಟ್ಟಿಗೆಯಲ್ಲಿ ಈ ಊರುಗಳ ಕಾಗದಗಳನ್ನು ವಿಂಗಡಿಸಬೇಕಾದಲ್ಲಿ, ಮೊದಲ ಅಂಕಿಯನ್ನು ಹಿಡಿದರೆ ಎಲ್ಲವೂ ಐದನೆಯ ಖಾನೆಯಲ್ಲಿಯೇ ತುಂಬಿಕೊಂಡು ಉಳಿದ ಒಂಬತ್ತೂ ಬರಿದಾಗಿರುತ್ತವೆ. ಕಡೆಯ ಅಂಕಿಯನ್ನು ಹಿಡಿದರೆ 1, 2, 4, 6, 9 ಎಂದು ಐದು ಊರುಗಳೂ ಬೇರೆ ಬೇರೆ ಖಾನೆಗಳಿಗೆ ಹೋಗುತ್ತವೆ. ಇಷ್ಟರಲ್ಲಿ 577112 ಎಂಬ ಬಾಳೆಹೊನ್ನೂರಿನ ಕಾಗದವು ಬಂದರೆ ಅದಕ್ಕೂ ಎರಡನೆಯ ಖಾನೆಯೇ ಗೊತ್ತಾಗಿ ಮೂಡಿಗೆರೆಯೊಡನೆ ಡಿಕ್ಕಿಯಾಗುತ್ತದೆ. ಹ್ಯಾಷ್ ವಿಧಾನದ ಗುಣದೋಷಗಳೆಲ್ಲ ಈ ಚಿಕ್ಕ ನಿದರ್ಶನದಲ್ಲಿವೆ: ಪದಗಳು ಎಲ್ಲಿ ಪರಸ್ಪರ ಭಿನ್ನವಾಗಿವೆಯೋ ಅಲ್ಲಿಂದಲೇ ಲೆಕ್ಕವನ್ನು ತೆಗೆಯಬೇಕು, ಹಾಗೆ ತೆಗೆದರೂ ಡಿಕ್ಕಿ ತಪ್ಪದು, ಡಿಕ್ಕಿಯಾದಾಗ ಮಾಡಬೇಕಾದುದೇನೆಂಬುದನ್ನು ಮೊದಲೇ ನಿರ್ಧರಿಸಿರಬೇಕು.

ಈ ಉಪಾಯವನ್ನು ಐ.ಬಿ.ಎಂ. ಸಂಸ್ಥೆಯಲ್ಲಿದ್ದ ಹಾನ್ಸ್ ಪೀಟರ್ ಲೂನ್ ಅವರು 1953ರ ಜನವರಿಯಲ್ಲಿ ಸಂಸ್ಥೆಯೊಳಗಿನ ಒಂದು ಟಿಪ್ಪಣಿಯಲ್ಲಿ ಸೂಚಿಸಿದರು. ಒಂದೇ ಖಾನೆಗೆ ಬಂದ ಪದಗಳನ್ನು ಸರಪಳಿಯಾಗಿ ಪೋಣಿಸುವ ಕ್ರಮವೂ ಅವರದೇ. ಅವಿಭಾಜ್ಯ ಸಂಖ್ಯೆಯಿಂದ ಭಾಗಿಸಿ ಉಳಿದ ಶೇಷವನ್ನು ಖಾನೆಯ ಸಂಖ್ಯೆಯಾಗಿ ಹಿಡಿಯುವ ಕ್ರಮವನ್ನು 1956ರಲ್ಲಿ ಆರ್ನಾಲ್ಡ್ ಡ್ಯೂಮಿ ಅವರು ಪ್ರಕಟಿಸಿದರು. ಸರಪಳಿಯಿಲ್ಲದೆ ಮುಂದಿನ ಖಾಲಿ ಖಾನೆಯನ್ನು ಹುಡುಕಿ ತುಂಬುವ ಕ್ರಮವನ್ನು ಪೀಟರ್ಸನ್ ಅವರು 1957ರಲ್ಲಿ ವಿವರಿಸಿದರು. ‘ಹ್ಯಾಷ್’ ಎಂಬ ಹೆಸರು ಅಚ್ಚಿನಲ್ಲಿ ನೆಲೆಗೊಂಡದ್ದು 1960ರ ದಶಕದ ಕೊನೆಗೆ. ಮಾಂಸವನ್ನೂ ಗೆಡ್ಡೆಗಳನ್ನೂ ಸಣ್ಣಗೆ ಕೊಚ್ಚಿ ಬೆರೆಸಿದ ಅಡುಗೆಗೆ ಇಂಗ್ಲಿಷಿನಲ್ಲಿ ಆ ಹೆಸರುಂಟು. ನಮ್ಮಲ್ಲಿ ‘ಕಲಸುಮೇಲೋಗರ’ ಎಂಬ ಸೊಗಸಾದ ಪದವಿದ್ದರೂ ಅದನ್ನು ಇಲ್ಲಿ ಬಳಸಲು ಮನಸ್ಸೊಪ್ಪುವುದಿಲ್ಲ. ಕಲಸುಮೇಲೋಗರವು ಒಂದೊಂದು ದಿನ ಒಂದೊಂದು ರುಚಿಯಾಗಬಹುದು. ಹ್ಯಾಷ್ ಲೆಕ್ಕವಾದರೋ ಒಂದೇ ಪದಕ್ಕೆ ಎಂದೆಂದಿಗೂ ಒಂದೇ ಸಂಖ್ಯೆಯನ್ನು ಕೊಡಬೇಕು. ಆದಕಾರಣ ಹ್ಯಾಷ್ ಎಂಬ ಪದವನ್ನೇ ಇಟ್ಟುಕೊಳ್ಳುತ್ತೇನೆ.

ಹೆಸರಿನ ಅಕ್ಷರಗಳಿಂದ ಸ್ಥಾನದ ಸಂಖ್ಯೆಯನ್ನು ಪಡೆಯುವ ಉಪಾಯವು ನಮ್ಮಲ್ಲಿಯೂ ಇಲ್ಲದಿಲ್ಲ. ಕಟಪಯಾದಿ ಸೂತ್ರದಿಂದ ಎಪ್ಪತ್ತೆರಡು ಮೇಳಕರ್ತ ರಾಗಗಳ ಸಂಖ್ಯೆಯನ್ನು ಹೇಳುವ ಕ್ರಮವು ಸಂಗೀತಾಭ್ಯಾಸಿಗಳಿಗೆ ಪರಿಚಿತವೇ ಆಗಿದೆ. ‘ಮೇಚಕಲ್ಯಾಣಿ’ಯಲ್ಲಿ ಮಕಾರಕ್ಕೆ 5, ಚಕಾರಕ್ಕೆ 6, ತಿರುಗಿಸಿದರೆ 65. ‘ಮಾಯಾಮಾಳವಗೌಳ’ಕ್ಕೆ 15, ‘ಧೀರಶಂಕರಾಭರಣ’ಕ್ಕೆ 29, ‘ಹನುಮತೋಡಿ’ಗೆ 8. ಎಪ್ಪತ್ತೆರಡು ಹೆಸರುಗಳಿಗೆ ಎಪ್ಪತ್ತೆರಡು ಸ್ಥಾನಗಳು. ಒಂದು ಡಿಕ್ಕಿಯೂ ಇಲ್ಲ, ಒಂದು ಖಾನೆಯೂ ಖಾಲಿಯಿಲ್ಲ. ಗಣಕಶಾಸ್ತ್ರದಲ್ಲಿ ಪರಿಪೂರ್ಣ ಹ್ಯಾಷ್ ಎಂದು ಕರೆಯುವುದು ಇಂತಹುದನ್ನೇ. ಆದರೆ ಇದು ಸಾಧ್ಯವಾದ ಬಗೆಯನ್ನು ಗಮನಿಸಬೇಕು. ಶಂಕರಾಭರಣಕ್ಕೆ ‘ಧೀರ’ವನ್ನೂ ಕಲ್ಯಾಣಿಗೆ ‘ಮೇಚ’ವನ್ನೂ ತೋಡಿಗೆ ‘ಹನುಮ’ನನ್ನೂ ಸೇರಿಸಿ, ಲೆಕ್ಕಕ್ಕೆ ಹೊಂದುವಂತೆ ಹೆಸರುಗಳನ್ನೇ ತಿದ್ದಲಾಯಿತು. ಪದಗಳ ಪಟ್ಟಿಯು ಸ್ಥಿರವಾಗಿದ್ದು ನಮ್ಮ ಕೈಯಲ್ಲಿದ್ದರೆ ಇಂತಹ ಪರಿಪೂರ್ಣತೆಯು ಸುಲಭಸಾಧ್ಯ. ಕಲ್ಲಿನ ಮೇಲೆ ಕೊರೆದ ಪದವನ್ನು ಸೂತ್ರಕ್ಕೆ ಹೊಂದುವಂತೆ ತಿದ್ದುವ ಅಧಿಕಾರವು ಯಾರಿಗೂ ಇಲ್ಲ. ಅಲ್ಲಿ ಸೂತ್ರವೇ ಪದಕ್ಕೆ ಹೊಂದಬೇಕು.

ಹೊಂದುತ್ತದೆಯೇ? ಬಳಕೆಯಲ್ಲಿರುವ ಸೂತ್ರಗಳು ಬಹುಪಾಲು ಇಂಗ್ಲಿಷ್ ಪದಗಳ ಮೇಲೆ ಪರೀಕ್ಷಿತವಾದವು. ಅವನ್ನು ಕನ್ನಡಕ್ಕೆ ಹಾಗೆಯೇ ಹಚ್ಚಿದರೆ ಏನಾಗುವುದೆಂಬುದನ್ನು ನಮ್ಮ ಪಠ್ಯಪುಸ್ತಕಗಳು ವಿಚಾರಿಸುವುದೇ ಇಲ್ಲ. ಯೂನಿಕೋಡ್ ವ್ಯವಸ್ಥೆಯಲ್ಲಿ ಕನ್ನಡಕ್ಕೆ 3200ರಿಂದ 3327ರವರೆಗೆ 128 ಸಂಖ್ಯೆಗಳು ಮೀಸಲಾಗಿವೆ. ಕಕಾರಕ್ಕೆ 3221, ಳಕಾರಕ್ಕೆ 3251, ಸಕಾರಕ್ಕೆ 3256. ಅಕ್ಷರಗಳ ಸಂಖ್ಯೆಗಳನ್ನು ಬರಿದೆ ಕೂಡುವುದು ಎಲ್ಲಕ್ಕಿಂತ ಸರಳವಾದ ಸೂತ್ರ. ‘ಕಳಸ’ ಎಂಬ ಊರ ಹೆಸರಿಗೆ ಮೊತ್ತ 9728. ಹಳಗನ್ನಡದ ‘ಸಕಳ’ಕ್ಕೂ ಮೊತ್ತ 9728. ಅಕ್ಷರಗಳು ಅವೇ ಆದುದರಿಂದ, 101 ಖಾನೆಗಳಿದ್ದಲ್ಲಿ ಎರಡೂ ಮೂವತ್ತೆರಡನೆಯ ಖಾನೆಗೇ ಹೋಗಿ ಬೀಳುತ್ತವೆ. ಶಾಸನಗಳಲ್ಲಿ ‘ಸಕಳ’ವು ಹೆಜ್ಜೆಹೆಜ್ಜೆಗೂ ಬರುವ ಪದ, ಕಳಸವಾದರೋ ಈ ಸೀಮೆಯ ಪ್ರಾಚೀನ ಕ್ಷೇತ್ರ. ಕೂಡುವ ಸೂತ್ರವು ಕನ್ನಡಕ್ಕೆ ಸಲ್ಲದೆಂಬುದಕ್ಕೆ ಇದೊಂದೇ ಸಾಕು.

ಆದುದರಿಂದ ಅಕ್ಷರದ ಸ್ಥಾನಕ್ಕೂ ಬೆಲೆ ಕೊಡುವ ಸೂತ್ರವನ್ನು ಬಳಸುತ್ತಾರೆ. ಅದುವರೆಗಿನ ಮೊತ್ತವನ್ನು 31ರಿಂದ ಗುಣಿಸಿ ಮುಂದಿನ ಅಕ್ಷರದ ಸಂಖ್ಯೆಯನ್ನು ಕೂಡುತ್ತ ಹೋಗುವುದು ಜಾವಾ ಭಾಷೆಯಲ್ಲಿ ನೆಲೆಗೊಂಡಿರುವ ಕ್ರಮ. ಇದರಲ್ಲಿ ‘ಕಳಸ’ಕ್ಕೆ 3199418, ‘ಸಕಳ’ಕ್ಕೆ 3232118 ಬಂದು, 101ರಿಂದ ಭಾಗಿಸಿದರೆ ಕ್ರಮವಾಗಿ 41, 17 ಎಂದು ಎರಡೂ ಬೇರೆಯಾಗುತ್ತವೆ. ಇಷ್ಟಕ್ಕೆ ತೃಪ್ತರಾಗಿ ಪಾಠವನ್ನು ಮುಗಿಸುವುದು ನಮ್ಮ ತರಗತಿಗಳಲ್ಲಿ ವಾಡಿಕೆಯಾಗಿದೆ. ಇನ್ನೊಂದು ಜೊತೆಯನ್ನು ನೋಡೋಣ: ‘ಭೇದ’ ಮತ್ತು ‘ಮನದ’. ಮೊದಲನೆಯದರಲ್ಲಿ ಭಕಾರ 3245, ಏತ್ವ 3271, ದಕಾರ 3238. ಎರಡನೆಯದರಲ್ಲಿ ಮಕಾರ 3246, ನಕಾರ 3240, ದಕಾರ 3238. ಲೆಕ್ಕಮಾಡಿದರೆ ಎರಡಕ್ಕೂ 3223084 ಎಂಬ ಒಂದೇ ಸಂಖ್ಯೆ ಬರುತ್ತದೆ. ಖಾನೆಗಳನ್ನು ನೂರೊಂದಿರಿಸಿದರೂ ಒಂದು ಲಕ್ಷವಿರಿಸಿದರೂ ‘ಭೇದ’ಕ್ಕೂ ‘ಮನದ’ಕ್ಕೂ ಭೇದವೇ ಇಲ್ಲದಂತಾಯಿತು. ಇದು ಆಕಸ್ಮಿಕವಲ್ಲ. ಮೊದಲ ಸ್ಥಾನದಲ್ಲಿ ಒಂದು ಹೆಚ್ಚಿ ಎರಡನೆಯ ಸ್ಥಾನದಲ್ಲಿ ಮೂವತ್ತೊಂದು ತಗ್ಗಿದರೆ ಮೊತ್ತವು ಮೊದಲಿನಂತೆಯೇ ಉಳಿಯುತ್ತದೆ. ಇಂಗ್ಲಿಷಿನ ಸಣ್ಣಕ್ಷರಗಳು ಇಪ್ಪತ್ತಾರೇ ಆದುದರಿಂದ ಯಾವ ಎರಡು ಅಕ್ಷರಗಳ ನಡುವೆಯೂ ಮೂವತ್ತೊಂದರ ಅಂತರವು ಬರಲಾರದು. ಅಲ್ಲಿ 31 ಎಂಬ ಗುಣಕವು ನಿರಪಾಯಕರ. ಕನ್ನಡದ ಹರವು 128. ವ್ಯಂಜನಕ್ಕೂ ಸ್ವರಚಿಹ್ನೆಗೂ ನಡುವೆ ಮೂವತ್ತೊಂದರ ಅಂತರವು ನಿತ್ಯವೂ ಒದಗುತ್ತದೆ. ಗುಣಕವನ್ನು 131ಕ್ಕೆ ಏರಿಸಿದ ಮಾತ್ರಕ್ಕೆ ಈ ಜಾತಿಯ ಡಿಕ್ಕಿಯು ಮೂಲದಲ್ಲಿಯೇ ಅಳಿಯುತ್ತದೆ. ಇಷ್ಟು ಅಲ್ಪವಾದ ತಿದ್ದುಪಡಿಯೂ ನಮ್ಮ ಪಾಠಕ್ರಮದಲ್ಲಿ ಕಾಣಿಸದಿರುವುದಕ್ಕೆ ಕಾರಣ, ಉದಾಹರಣೆಗಳನ್ನೆಲ್ಲ ನಾವು ಇಂಗ್ಲಿಷಿನಲ್ಲಿಯೇ ಕೊಡುತ್ತಿರುವುದು.

ಅಕ್ಷರಗಳನ್ನು ಬಿಟ್ಟು ಬೈಟುಗಳ ಮೇಲೆ ಲೆಕ್ಕ ನಡೆಸುವವರು ಮತ್ತೊಂದು ಅಂಶವನ್ನು ನೆನಪಿನಲ್ಲಿಡಬೇಕು. ಯುಟಿಎಫ್-8 ರೂಪದಲ್ಲಿ ಪ್ರತಿಯೊಂದು ಕನ್ನಡ ಅಕ್ಷರ ಅಥವಾ ಚಿಹ್ನೆಗೆ ಮೂರು ಬೈಟುಗಳು. ಮೊದಲನೆಯದು ಯಾವಾಗಲೂ 224. ಎರಡನೆಯದು 178 ಇಲ್ಲವೆ 179. ನಿಜವಾದ ಭೇದವೆಲ್ಲ ಮೂರನೆಯದರಲ್ಲಿ. ಪದದ ಮೊದಲ ನಾಲ್ಕು ಬೈಟುಗಳನ್ನು ಮಾತ್ರ ನೋಡುವ ಸೂತ್ರವು ಒಂದು ಅಕ್ಷರವನ್ನಷ್ಟೆ ನೋಡಿದಂತೆ. ಇನ್ನು 256ರಿಂದ ಗುಣಿಸುತ್ತ ಹೋಗಿ 256 ಖಾನೆಗಳಿಗೆ ಹಂಚಿದರೆ ಪದದ ಕಡೆಯ ಬೈಟೊಂದೇ ಲೆಕ್ಕಕ್ಕೆ ಉಳಿಯುತ್ತದೆ. ಕನ್ನಡವು ಸ್ವರಾಂತವಾದ ಭಾಷೆ. ಚಿಕ್ಕಮಗಳೂರು, ಕಡೂರು, ಬಾಳೆಹೊನ್ನೂರು, ಬೇಲೂರು ಎಲ್ಲವೂ ಉಕಾರದ ಚಿಹ್ನೆಯಲ್ಲಿ ಮುಗಿದು ಒಂದೇ ಖಾನೆಯನ್ನು ಸೇರುತ್ತವೆ. ಮೂಡಿಗೆರೆಯೂ ತರೀಕೆರೆಯೂ ಮತ್ತೊಂದನ್ನು. ಪಿನ್ ಸಂಖ್ಯೆಗೆ ಕಡೆಯ ಅಂಕಿಯು ಹೇಗೆ ಹಿತವೋ ಕನ್ನಡ ಪದಕ್ಕೆ ಕಡೆಯ ಚಿಹ್ನೆಯು ಹಾಗೆ ಅಹಿತ.

2008ರಲ್ಲಿ ಆಸ್ಟಿನ್ ಆಪಲ್‌ಬಿ ಅವರು ರಚಿಸಿದ ಮರ್ಮರ್ ಹ್ಯಾಷ್ ಮೊದಲಾದ ಈಚಿನ ಸೂತ್ರಗಳು ಪ್ರತಿಯೊಂದು ಬೈಟನ್ನೂ ಚೆನ್ನಾಗಿ ಕದಡುವುದರಿಂದ ಈ ದೋಷಗಳಿಂದ ಬಹುಮಟ್ಟಿಗೆ ಮುಕ್ತವಾಗಿವೆ. ಹೊರಗಿನ ಯಾರು ಬೇಕಾದರೂ ಪದಗಳನ್ನು ತುಂಬಬಹುದಾದ ವ್ಯವಸ್ಥೆಯಲ್ಲಿ ಮಾತ್ರ ಬೇರೊಂದು ಅಪಾಯವುಂಟು. ಒಂದೇ ಖಾನೆಗೆ ಬೀಳುವ ಪದಗಳನ್ನು ಬೇಕೆಂದೇ ಹೆಣೆದು ಕಳುಹಿಸಿ ಯಂತ್ರವನ್ನು ಸ್ತಬ್ಧಗೊಳಿಸಬಹುದೆಂದು ಕ್ರಾಸ್ಬಿ ಮತ್ತು ವಾಲಕ್ ಅವರು 2003ರಲ್ಲಿ ತೋರಿಸಿದರು. ಗುಪ್ತವಾದ ಒಂದು ಕೀಲಿಯನ್ನೂ ಲೆಕ್ಕದಲ್ಲಿ ಬೆರೆಸುವ ಸಿಪ್ ಹ್ಯಾಷ್ ಎಂಬ ಸೂತ್ರವು 2012ರಲ್ಲಿ ಬಂದದ್ದು ಇದಕ್ಕೆ ಪ್ರತೀಕಾರವಾಗಿ. ಶಾಸನಕೋಶವೊಂದಕ್ಕೆ ಇಂತಹ ಶತ್ರುಗಳಿರುವುದು ಅಸಂಭವ. ರಕ್ಷಣೆಗಾಗಿ ಹುಟ್ಟಿದ ಎಂಡಿ5 ಮೊದಲಾದ ಭಾರವಾದ ಸೂತ್ರಗಳನ್ನು ಬರಿಯ ಪದಶೋಧನೆಗೆ ಬಳಸುವವರುಂಟು. ಅದು ಸೌದೆ ಸೀಳಲು ಆನೆಯನ್ನು ತಂದಂತೆ.

ಖಾನೆಗಳು ಎಷ್ಟು ತುಂಬಿರಬೇಕೆಂಬುದು ಸೂತ್ರದಷ್ಟೇ ಮುಖ್ಯವಾದ ವಿಷಯ. ಮುಂದಿನ ಖಾಲಿ ಖಾನೆಯನ್ನು ಸಾಲಾಗಿ ಹುಡುಕುವ ಕ್ರಮಕ್ಕೆ ಡೊನಾಲ್ಡ್ ಕ್ನೂತ್ ಅವರು ಕಂಡುಹಿಡಿದ ಲೆಕ್ಕವು ಇಲ್ಲಿ ಮನನೀಯವಾಗಿದೆ. ಅರ್ಧದಷ್ಟು ತುಂಬಿದ್ದಲ್ಲಿ, ಇರುವ ಪದವನ್ನು ಕಾಣಲು ಸರಾಸರಿ ಒಂದೂವರೆ ಖಾನೆಗಳನ್ನೂ, ಇಲ್ಲದ ಪದವು ಇಲ್ಲವೆಂದು ತಿಳಿಯಲು ಎರಡೂವರೆ ಖಾನೆಗಳನ್ನೂ ನೋಡಬೇಕು. ನೂರಕ್ಕೆ ತೊಂಬತ್ತು ತುಂಬಿದ್ದಲ್ಲಿ ಇರುವುದನ್ನು ಕಾಣಲು ಐದೂವರೆ, ಇಲ್ಲದುದನ್ನು ತಿಳಿಯಲು ಐವತ್ತೂವರೆ. ‘ಉಂಟು’ ಎನ್ನುವುದಕ್ಕಿಂತ ‘ಇಲ್ಲ’ ಎನ್ನುವುದಕ್ಕೆ ಯಂತ್ರವೂ ಹೆಚ್ಚು ದುಡಿಯಬೇಕೆಂಬುದು ಕುತೂಹಲಕರ. ದುಡಿಮೆಯನ್ನು ತಪ್ಪಿಸಿಕೊಳ್ಳುವ ಆಸೆಯಿಂದ ಕೆಲವರು ಪದವನ್ನೇ ಬಿಸುಟು ಅದರ 32 ಬಿಟ್ಟಿನ ಹ್ಯಾಷ್ ಸಂಖ್ಯೆಯನ್ನು ಮಾತ್ರ ಉಳಿಸಿಕೊಳ್ಳುತ್ತಾರೆ. ಇದು ಅಕ್ಷಮ್ಯ. ಸೂತ್ರವು ಎಷ್ಟೇ ಉತ್ತಮವಾಗಿರಲಿ, ಸುಮಾರು 77,000 ಪದಗಳಾಗುವಷ್ಟರಲ್ಲಿ ಎಲ್ಲಿಯಾದರೂ ಎರಡು ಪದಗಳಿಗೆ ಒಂದೇ ಸಂಖ್ಯೆ ಬಂದಿರುವ ಸಂಭವವು ಅರ್ಧಕ್ಕರ್ಧ. ಪೋಸ್ಟ್‌ಗ್ರೆಸ್ ಎಂಬ ಪ್ರಸಿದ್ಧ ದತ್ತಸಂಚಯದ ಹ್ಯಾಷ್ ಸೂಚಿಯಲ್ಲಿಯೂ 32 ಬಿಟ್ಟಿನ ಸಂಖ್ಯೆಯಷ್ಟೇ ಇರುವುದು ನಿಜ. ಆದರೆ ಅದು ಪ್ರತಿಸಲವೂ ಮೂಲದ ಸಾಲಿಗೆ ಹೋಗಿ ಪದವನ್ನು ಸರಿನೋಡಿಯೇ ಉತ್ತರವನ್ನು ಕೊಡುತ್ತದೆ.

ಇದುವರೆಗೆ ಹೇಳಿದುದು ಭಿನ್ನವಾದ ಪದಗಳು ಒಂದೇ ಖಾನೆಗೆ ಹೋಗುವ ದೋಷವನ್ನು ಕುರಿತದ್ದು. ಅದರಿಂದ ಕಾಲ ವ್ಯಯವಾದೀತೇ ಹೊರತು, ಪದವನ್ನು ಸರಿನೋಡುವ ಎಚ್ಚರವಿದ್ದಲ್ಲಿ ಸತ್ಯಕ್ಕೆ ಕೇಡಿಲ್ಲ. ಇದಕ್ಕೆ ವಿಪರ್ಯಯವಾದ ದೋಷ, ಎಂದರೆ ಒಂದೇ ಪದವು ಎರಡು ಖಾನೆಗಳಿಗೆ ಹೋಗುವುದು, ಹೆಚ್ಚು ಕೇಡಿನದು. ವಿಮರ್ಶಕರು ಕಡೆಗಣಿಸಿರುವುದೂ ಇದನ್ನೇ.

‘ಕೊಪ್ಪ’ ಎಂಬ ಹೆಸರನ್ನು ತೆಗೆದುಕೊಳ್ಳಿ. ಇದರ ಒಕಾರದ ಚಿಹ್ನೆಯನ್ನು ಯೂನಿಕೋಡಿನಲ್ಲಿ 3274 ಎಂಬ ಒಂದೇ ಸಂಖ್ಯೆಯಿಂದ ಬರೆಯಬಹುದು. ಎತ್ವದ 3270, ಊಕಾರದ 3266 ಎಂಬ ಎರಡು ಚಿಹ್ನೆಗಳನ್ನು ಜೋಡಿಸಿಯೂ ಬರೆಯಬಹುದು. ತೆರೆಯ ಮೇಲೆ ಎರಡೂ ಒಂದೇ ಕೊಪ್ಪ. ಓದುಗನ ಕಣ್ಣಿಗೆ ಕೂದಲೆಳೆಯಷ್ಟೂ ಅಂತರವಿಲ್ಲ. ಹ್ಯಾಷ್ ಲೆಕ್ಕಕ್ಕಾದರೋ ಒಂದು ಐದು ಸಂಖ್ಯೆಗಳ ಪದ, ಇನ್ನೊಂದು ಆರು ಸಂಖ್ಯೆಗಳ ಪದ. ಖಾನೆಗಳು ಬೇರೆ, ಸಂಬಂಧವೇ ಇಲ್ಲ. ಶೃಂಗೇರಿಯ ಏಕಾರಕ್ಕೂ ಇದೇ ಗತಿ. ಇನ್ನು ‘ಎಸ್ಟೇಟ್’ ಎಂಬಂತಹ ವ್ಯಂಜನಾಂತ ಪದಕ್ಕೆ ಪ್ರತ್ಯಯವನ್ನು ಸೇರಿಸುವಾಗ ಒತ್ತಕ್ಷರವಾಗದಂತೆ ನಡುವೆ ಕಣ್ಣಿಗೆ ಕಾಣದ ಒಂದು ಸಂಕೇತವನ್ನು ಒತ್ತುತ್ತೇವೆ. ಆಮೇಲೆ ಪ್ರತ್ಯಯವನ್ನು ಕಳಚಿದರೂ ಆ ಅದೃಶ್ಯ ಸಂಕೇತವು ಪದದ ಬಾಲಕ್ಕೆ ಅಂಟಿಕೊಂಡೇ ಇರಬಹುದು. ಕಾಫಿಯನ್ನು ಫಕಾರದಿಂದ ಬರೆಯುವವರಿದ್ದಾರೆ, ಫಕಾರದಡಿ ಚುಕ್ಕಿಗಳನ್ನಿಟ್ಟು ಬರೆಯುವವರಿದ್ದಾರೆ, ಆಡುವ ಮಾತಿಗೆ ಅನುಸಾರವಾಗಿ ‘ಕಾಪಿ’ ಎಂದು ಬರೆಯುವವರೂ ಇದ್ದಾರೆ. ಕಾಫಿಯ ಸೀಮೆಯಲ್ಲಿ ಕಾಫಿಯೇ ಮೂರು ಖಾನೆಗಳಲ್ಲಿ ಹಂಚಿಹೋದರೆ ಸೂತ್ರದ ವೇಗವನ್ನು ಹೊಗಳಿ ಫಲವೇನು?

ಇಲ್ಲಿ ಒಂದು ಮಾತನ್ನು ಸ್ಮರಿಸಬೇಕು. ಮೂಡಿಗೆರೆಯಲ್ಲಿ ನೆಲಸಿ, 2007ರಲ್ಲಿ ತೀರಿಕೊಂಡ ಕೆ. ಪಿ. ಪೂರ್ಣಚಂದ್ರ ತೇಜಸ್ವಿ ಅವರು ಕಾಫಿ ಬೆಳೆಗಾರರೂ ಸಾಹಿತಿಗಳೂ ಆಗಿದ್ದುದಲ್ಲದೆ ಕನ್ನಡ ತಂತ್ರಾಂಶದ ವಿಷಯದಲ್ಲಿ ಆಸ್ಥೆಯಿಂದ ತೊಡಗಿದವರು. ಹಂಪಿಯ ಕನ್ನಡ ವಿಶ್ವವಿದ್ಯಾಲಯದಿಂದ ಬಂದ ‘ಕುವೆಂಪು’ ಹೆಸರಿನ ತಂತ್ರಾಂಶದ ಹಿಂದೆ ಅವರ ಒತ್ತಾಸೆಯಿತ್ತು. ಆಗಿನ ಕನ್ನಡ ಲಿಪಿತಂತ್ರಾಂಶಗಳಲ್ಲಿ ಅಕ್ಷರಕ್ಕಲ್ಲ, ಅಕ್ಷರದ ತುಂಡುಗಳ ಆಕಾರಕ್ಕೆ ಸಂಕೇತಗಳಿದ್ದು, ಒಂದರಲ್ಲಿ ಬರೆದುದನ್ನು ಇನ್ನೊಂದರಲ್ಲಿ ತೆರೆದರೆ ಅರ್ಥವಾಗದ ಗೀಟುಗಳು ಕಾಣಿಸುತ್ತಿದ್ದುವು. ಯೂನಿಕೋಡು ಬಂದಮೇಲೆ ಆ ತೊಡಕು ಬಹುಮಟ್ಟಿಗೆ ಕಳೆಯಿತೆಂಬ ಸಮಾಧಾನವು ಎಲ್ಲರಲ್ಲಿಯೂ ಇದೆ. ಗೀಟುಗಳು ಕಂಡಾಗ ದೋಷವಿದೆಯೆಂದಾದರೂ ತಿಳಿಯುತ್ತಿತ್ತು. ಈಗ ದೋಷವು ಕಾಣದ ಕಡೆ ಸೇರಿಕೊಂಡಿದೆ.

ಇದಕ್ಕೆ ಪರಿಹಾರವುಂಟು. ಹ್ಯಾಷ್ ಲೆಕ್ಕಕ್ಕೆ ಕೊಡುವ ಮೊದಲು ಪದವನ್ನು ಒಂದು ನಿಯತವಾದ ರೂಪಕ್ಕೆ ತರುವುದು. ಯೂನಿಕೋಡಿನವರೇ ಇದಕ್ಕೆ ವಿಧಿಗಳನ್ನು ಗೊತ್ತುಮಾಡಿದ್ದಾರೆ. ಕೊಪ್ಪ, ಶೃಂಗೇರಿಗಳ ತೊಡಕು ಇದರಿಂದ ಪೂರ್ಣವಾಗಿ ನಿವಾರಣೆಯಾಗುತ್ತದೆ. ಅದೃಶ್ಯ ಸಂಕೇತವನ್ನಾಗಲಿ ಫಕಾರದ ಚುಕ್ಕಿಗಳನ್ನಾಗಲಿ ಆ ವಿಧಿಗಳು ಮುಟ್ಟುವುದಿಲ್ಲ. ಅವನ್ನು ನಾವೇ ಸೇರಿಸಬೇಕು. ಎಲ್ಲಿಯವರೆಗೆ ಸೇರಿಸಬೇಕು? ಇದು ಗಣಕಶಾಸ್ತ್ರವು ಉತ್ತರಿಸಬಲ್ಲ ಪ್ರಶ್ನೆಯಲ್ಲ. ‘ಅಂಗಡಿ’ಯನ್ನು ಅನುಸ್ವಾರದಿಂದ ಬರೆದರೂ ಙಕಾರದ ಒತ್ತಿನಿಂದ ಬರೆದರೂ ಪದವೊಂದೇ ಎಂದು ಯಾರಾದರೂ ಒಪ್ಪುತ್ತಾರೆ. ‘ಕೆಱೆ’, ‘ಕೆರೆ’ ಎಂಬುವು ಒಂದೆಂದು ಊರ ಹೆಸರುಗಳನ್ನು ಹುಡುಕುವವನು ಒಪ್ಪುತ್ತಾನೆ. ಶಕಟರೇಫವು ಯಾವ ಕಾಲದಲ್ಲಿ ಸಾಮಾನ್ಯ ರೇಫದಲ್ಲಿ ಬೆರೆತುಹೋಯಿತೆಂದು ವಿಚಾರಿಸುವವನು ಒಪ್ಪಲಾರ. ಅವನಿಗೆ ಆ ಭೇದವೇ ಸಾಮಗ್ರಿ. ಪೊಯ್ಸಳ, ಪೊಯ್ಸಣ, ಹೊಯ್ಸಳ, ಹೊಯ್ಸಣ ಎಂಬ ರೂಪಗಳು ರಾಜವಂಶದ ಇತಿಹಾಸಕಾರನಿಗೆ ಒಂದೇ ಪದ, ಧ್ವನಿಪರಿಣಾಮವನ್ನು ಅಭ್ಯಾಸ ಮಾಡುವವನಿಗೆ ನಾಲ್ಕು. ಹ್ಯಾಷ್ ವಿಧಾನವು ಅಭೇದವೊಂದನ್ನೇ ಬಲ್ಲದು; ಸಾದೃಶ್ಯವೆಂಬುದನ್ನು ಅರಿಯದು. ಯಾವುದು ಯಾವುದಕ್ಕೆ ಅಭಿನ್ನವೆಂಬ ನಿರ್ಣಯವನ್ನು ಮೊದಲೇ ಮಾಡಿಕೊಡಬೇಕು, ಮತ್ತು ಬೇರೆ ಬೇರೆ ಪ್ರಯೋಜನಗಳಿಗೆ ಬೇರೆ ಬೇರೆ ನಿರ್ಣಯಗಳನ್ನು ಮಾಡಿ ಅಷ್ಟೇ ಸೂಚಿಗಳನ್ನಿರಿಸಬೇಕು.

ಅಕಾರಾದಿ ಸೂಚಿಯ ಬೆಲೆಯು ಇಲ್ಲಿ ಮನಸ್ಸಿಗೆ ಬರುತ್ತದೆ. 1894ರ ಕಿಟ್ಟೆಲ್ ಕೋಶದಲ್ಲಾಗಲಿ, ಕನ್ನಡ ಸಾಹಿತ್ಯ ಪರಿಷತ್ತು 1970ರಿಂದ 1995ರವರೆಗೆ ಎಂಟು ಸಂಪುಟಗಳಲ್ಲಿ ಹೊರತಂದ ನಿಘಂಟಿನಲ್ಲಾಗಲಿ, ಹುಡುಕಿದ ಪದವು ಸಿಗದಿದ್ದರೂ ಅದರ ನೆರೆಹೊರೆಯ ಪದಗಳು ಕಣ್ಣಿಗೆ ಬೀಳುತ್ತವೆ. ಓದುಗನು ತನ್ನ ಕಾಗುಣಿತವನ್ನು ಸಂದೇಹಿಸಲು ಅವು ಅವಕಾಶ ಕೊಡುತ್ತವೆ. ಹ್ಯಾಷ್ ಖಾನೆಯಲ್ಲಿ ನೆರೆಹೊರೆಯೆಂಬುದಿಲ್ಲ. ಅಲ್ಲಿ ಕಳಸದ ಪಕ್ಕದಲ್ಲಿ ಏನು ಬೇಕಾದರೂ ಇರಬಹುದು. ಕನ್ನಡದಲ್ಲಿ ಪ್ರತ್ಯಯಗಳು ಪದದ ಕೊನೆಗೆ ಹತ್ತುವುದರಿಂದ ಈ ಕೊರತೆಯು ಇಮ್ಮಡಿಯಾಗುತ್ತದೆ. ಕಾಫಿಯ, ಕಾಫಿಯನ್ನು, ಕಾಫಿಯಿಂದ, ಕಾಫಿಗೆ ಎಂಬುವು ಅಕಾರಾದಿಯಲ್ಲಿ ಒಂದೇ ಕಡೆ ನೆರೆಯುತ್ತವೆ, ಹ್ಯಾಷ್‌ನಲ್ಲಿ ದಿಕ್ಕಾಪಾಲಾಗುತ್ತವೆ. ಬೇಯರ್ ಮತ್ತು ಮೆಕ್‌ಕ್ರೈಟ್ ಅವರು 1970ರ ಸುಮಾರಿಗೆ ರೂಪಿಸಿದ ಬಿ-ವೃಕ್ಷವು ಅಕಾರಾದಿಯ ಈ ಗುಣವನ್ನು ಯಂತ್ರದಲ್ಲಿ ಉಳಿಸಿಕೊಂಡಿದೆ. ಹ್ಯಾಷ್‌ಗಿಂತ ಅದು ತುಸು ನಿಧಾನವೆಂಬುದು ನಿಜವಾದರೂ, ಕೆಲವು ಲಕ್ಷ ಪದಗಳ ಕೋಶದಲ್ಲಿ ಆ ನಿಧಾನವು ಓದುಗನ ಅನುಭವಕ್ಕೆ ಬರುವಷ್ಟಿಲ್ಲ. ಪ್ರಾದಿಯನ್ನು ಹಾದಿಯೊಡನೆ ಸೇರಿಸುವ ಶಕ್ತಿಯು ಮಾತ್ರ ಅದಕ್ಕೂ ಇಲ್ಲ. ಪಕಾರಹಕಾರಗಳು ವರ್ಣಮಾಲೆಯಲ್ಲಿ ದೂರದೂರವಿರುವುದರಿಂದ ಪೊಯ್ಸಳನನ್ನು ಹುಡುಕುವವನಿಗೆ ಹೊಯ್ಸಳನು ಅಲ್ಲಿಯೂ ತಾನಾಗಿ ಎದುರಾಗುವುದಿಲ್ಲ.

ಹಾಗಾದರೆ ಹ್ಯಾಷ್ ವಿಧಾನಕ್ಕೆ ಸ್ಥಾನವೆಲ್ಲಿ? ನಿಯತವಾದ ಗುರುತುಗಳನ್ನು ಹುಡುಕುವಲ್ಲಿ ಅದನ್ನು ಮೀರಿಸುವುದಿಲ್ಲ. 1925ರಲ್ಲಿ ಆರಂಭವಾದ ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರದವರು ತಮ್ಮ ತಳಿಗಳಿಗೆ ಸಂಖ್ಯೆಗಳನ್ನಿತ್ತಿದ್ದಾರೆ. ಎಸ್. 288 ಎಂಬುದಕ್ಕೂ ಕೆಂಟ್ಸ್ ತಳಿಗೂ ಸಂಕರ ಮಾಡಿ ಪಡೆದ ಎಸ್. 795 ಈ ಬೆಟ್ಟಗಳಲ್ಲೆಲ್ಲ ಹಬ್ಬಿದೆ. ‘ಎಸ್. 795’ ಎಂಬ ಗುರುತನ್ನು ಪಡೆದವನಿಗೆ ‘ಎಸ್. 794’ರಲ್ಲಿ ಆಸಕ್ತಿಯಿಲ್ಲ, ನೆರೆಹೊರೆಯು ಅಲ್ಲಿ ನಿಷ್ಪ್ರಯೋಜಕ. ಪಹಣಿಯ ಸರ್ವೆ ನಂಬರೂ ಹಾಗೆಯೇ. ಆದರೆ ಅದೇ ಎಸ್. 795ಕ್ಕೆ ‘ಸೆಲೆಕ್ಷನ್ 3’ ಎಂಬ ಇನ್ನೊಂದು ಹೆಸರಿದೆ. ಕಾವೇರಿ ಎಂಬ ತಳಿಯು ‘ಸೆಲೆಕ್ಷನ್ 12’ ಕೂಡ ಹೌದು. ಗುರುತುಗಳಲ್ಲಿಯೂ ಪರ್ಯಾಯಗಳ ಪಟ್ಟಿಯೊಂದನ್ನು ಮನುಷ್ಯನೇ ಸಿದ್ಧಪಡಿಸಬೇಕಾಗುತ್ತದೆಂಬುದು ಇದರಿಂದ ವ್ಯಕ್ತವಾಗುತ್ತದೆ. ಸರ್ವೆ ನಂಬರಿನ ಬದಲು ಹಿಡುವಳಿದಾರನ ಹೆಸರಿನಿಂದ ಹುಡುಕುವಾಗಲಂತೂ ಕಾಗುಣಿತದ ಒಂದು ಚಿಹ್ನೆಯಿಂದ ಒಬ್ಬನ ಜಮೀನು ಇಲ್ಲವೆಂದಾಗುವ ಪ್ರಸಂಗವನ್ನು ಊಹಿಸುವುದು ಕಷ್ಟವಲ್ಲ. ಅಲ್ಲಿ ಬರಿಯ ಹ್ಯಾಷ್ ಸೂಚಿಯನ್ನು ನೆಚ್ಚಿಕೊಳ್ಳುವುದು ಅನ್ಯಾಯಕ್ಕೆ ಎಡೆಯಾದೀತು.

ಶಾಸನಗಳಿಗೆ ಮರಳೋಣ. ರೈಸ್ ಅವರು ಪ್ರತಿ ಶಾಸನಕ್ಕೂ ತಾಲ್ಲೂಕಿನ ಹೆಸರನ್ನೂ ಅದರೊಳಗೊಂದು ಕ್ರಮಸಂಖ್ಯೆಯನ್ನೂ ಕೊಟ್ಟರು. ಸ್ಥಳವನ್ನು ನೇರವಾಗಿ ತೋರಿಸುವ ಗುರುತಾಗಿ ಇದು ಇಂದಿಗೂ ಉಪಯುಕ್ತವಾಗಿದೆ. ಕಳಸದ ಶಾಸನಗಳು ಅಲ್ಲಿ ಮೂಡಿಗೆರೆಯ ಕೆಳಗೆ ಬರುತ್ತವೆ. ಕಳಸವು ಇತ್ತೀಚೆಗೆ ಪ್ರತ್ಯೇಕ ತಾಲ್ಲೂಕಾಯಿತು. ಜಿಲ್ಲೆಗೆ ಕಡೂರೆಂಬ ಹೆಸರು ಹೋಗಿ ಚಿಕ್ಕಮಗಳೂರೆಂದಾಯಿತು. ಇಂಗ್ಲಿಷಿನಲ್ಲಿ ಅದನ್ನು ಬರೆಯುವ ರೀತಿಯೂ 2014ರ ನವೆಂಬರ್ ಒಂದರಿಂದ ಬದಲಾಯಿತು. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆಯು 1972ರಿಂದ ಹೊರತರತೊಡಗಿದ ಪರಿಷ್ಕೃತ ಸಂಪುಟಗಳಲ್ಲಿ ಸಂಪುಟದ ಸಂಖ್ಯೆಯೂ ಶಾಸನದ ಸಂಖ್ಯೆಯೂ ಬೇರೆ. ದತ್ತಸಂಚಯದಲ್ಲಿ ಈ ಗುರುತುಗಳಲ್ಲಿ ಯಾವುದೊಂದನ್ನೇ ಹ್ಯಾಷ್‌ಗೆ ಕೊಟ್ಟರೂ ಹಳೆಯ ಗ್ರಂಥದ ಅಡಿಟಿಪ್ಪಣಿಯನ್ನು ಹಿಡಿದು ಬಂದವನಿಗೆ ‘ಇಲ್ಲ’ ಎಂಬ ಉತ್ತರವೇ ಸಿಗುವುದು. ಪ್ರತಿ ಶಾಸನಕ್ಕೂ ಊರು, ತಾಲ್ಲೂಕು, ಸಂಪುಟ ಯಾವುದನ್ನೂ ಸೂಚಿಸದ ಒಂದು ಬರಿಯ ಸಂಖ್ಯೆಯನ್ನು ಶಾಶ್ವತವಾಗಿ ಕೊಟ್ಟು, ರೈಸ್ ಅವರ ಸಂಖ್ಯೆ, ಪರಿಷ್ಕೃತ ಸಂಖ್ಯೆಗಳೆಲ್ಲವನ್ನೂ ಅದರ ಪರ್ಯಾಯಗಳಾಗಿ ಹ್ಯಾಷ್ ಸೂಚಿಯಲ್ಲಿ ನಮೂದಿಸುವುದು ಯೋಗ್ಯ. ಪದಗಳಿಗೆ ಬಿ-ವೃಕ್ಷದ ಸೂಚಿ, ಶಾಸನದಲ್ಲಿದ್ದಂತೆಯೇ ಒಂದು, ನಿಯತರೂಪಕ್ಕೆ ತಂದು ಇನ್ನೊಂದು.

ಯಂತ್ರವು ‘ಇಲ್ಲ’ ಎನ್ನುವ ರೀತಿಯೂ ಬದಲಾಗಬೇಕು. ಮೂಡಿಗೆರೆ ತಾಲ್ಲೂಕಿನ ಅಂಗಡಿ ಗ್ರಾಮವನ್ನು ಹೊಯ್ಸಳರ ಮೂಲಸ್ಥಾನವಾದ ಸೊಸೆವೂರೆಂದು ರೈಸ್ ಅವರು ಗುರುತಿಸಿದರೆಂಬುದು ಸುವಿದಿತ. ಶಾಸನಗಳಲ್ಲಿ ಆ ಊರು ಸೊಸೆವೂರು, ಸೊಸವೂರು, ಶಶಕಪುರ ಎಂದೆಲ್ಲ ಕಾಣಿಸುತ್ತದೆ. ವಿದ್ಯಾರ್ಥಿಯೊಬ್ಬನು ಇವುಗಳಲ್ಲಿ ಒಂದನ್ನು ಟೈಪು ಮಾಡಿದಾಗ ಪದವು ಸಿಗದಿದ್ದಲ್ಲಿ, ಯಾವ ರೂಪದಲ್ಲಿ ಹುಡುಕಲಾಯಿತು, ಯಾವ ಅಕ್ಷರಭೇದಗಳನ್ನು ಒಂದೆಂದು ಎಣಿಸಲಾಯಿತು, ಅಕಾರಾದಿಯಲ್ಲಿ ಅದರ ಹಿಂದಿನ ಐದು ಮುಂದಿನ ಐದು ಪದಗಳಾವುವು, ಪರ್ಯಾಯಗಳ ಪಟ್ಟಿಯಲ್ಲಿ ಅದಿದೆಯೇ ಎಂಬಷ್ಟನ್ನಾದರೂ ಉತ್ತರದ ಜೊತೆಯಲ್ಲಿ ಅಚ್ಚಿಸಬೇಕು. ಇದಕ್ಕೆ ಹೊಸ ಸೂತ್ರವೇನೂ ಬೇಕಾಗಿಲ್ಲ. ಈಗಿರುವ ಸಾಧನಗಳಿಂದಲೇ ಸಾಧ್ಯ. ಪ್ರಬಂಧಗಳಲ್ಲಿ ಪ್ರಯೋಗಾಭಾವವನ್ನು ಪ್ರಮಾಣವಾಗಿ ಉಲ್ಲೇಖಿಸುವವರು ಆ ವಿವರಗಳನ್ನು ಅಡಿಟಿಪ್ಪಣಿಯಲ್ಲಿ ಕೊಡಬೇಕೆಂದು ಪರೀಕ್ಷಕರು ಕೇಳತೊಡಗಿದರೆ ತಂತ್ರಾಂಶದವರೂ ಬೇಗನೆ ಅದನ್ನು ಒದಗಿಸಿಯಾರು.